ಹೊಸದಾಗಿ ಹಾಕಿದ ಲಿನಕ್ಸ್‌ನಲ್ಲಿ ಬಿಲ್ಡ್ ಫೇಲ್ ಆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಹಾಕಿದ ಹೊಸತರಲ್ಲೇ ಸೋರ್ಸ್‌ನಿಂದ (ಬರೆದಿಟ್ಟ ಕೋಡ್‌ನಿಂದ) ಏನಾದರೂ ಬಿಲ್ಡ್ ಮಾಡಲು, ಅಂದರೆ ಓಡುವ ಪ್ರೋಗ್ರಾಂ ಕಟ್ಟಲು ಹೋಗಿ ಸಿಕ್ಕಿಹಾಕಿಕೊಂಡವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಕಮಾಂಡ್‌ಗಳನ್ನೂ ಎರರ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಉಳಿದದ್ದೆಲ್ಲ ಸಣ್ಣಕ್ಷರ.

## ಶುರುವಿನಲ್ಲೇ ನಿಂತರೆ

ನಿನ್ನೆಯಷ್ಟೇ ಲಿನಕ್ಸ್ ಹಾಕಿದೆ. ಮೇಕ್ ಅಂತ ಹೊಡೆದರೆ "ಕಮಾಂಡ್ ನಾಟ್ ಫೌಂಡ್" ಅನ್ನುತ್ತೆ. ಇನ್‌ಸ್ಟಾಲ್ ಸರಿಯಾಗಿ ಆಗಿಲ್ವಾ?

ಇನ್‌ಸ್ಟಾಲ್ ಸರಿಯಾಗೇ ಆಗಿದೆ. ಹೆಚ್ಚಿನ ಡೆಸ್ಕ್‌ಟಾಪ್ ಡಿಸ್ಟ್ರೊಗಳು (ಉಬುಂಟು, ಫೆಡೋರಾ ತರಹದ ಲಿನಕ್ಸ್ ಬಗೆಗಳು) ಕಂಪೈಲರ್ (ಕೋಡನ್ನು ಪ್ರೋಗ್ರಾಂ ಮಾಡುವ ಸಾಧನ), ಮೇಕ್ (ಬಿಲ್ಡ್ ನಡೆಸುವ ಸಾಧನ) ಇತ್ಯಾದಿಗಳನ್ನು ಜೊತೆಗೆ ಕೊಡುವುದಿಲ್ಲ. ಬಳಸುವವರಲ್ಲಿ ಬಹಳ ಜನಕ್ಕೆ ಅವು ಬೇಕಾಗುವುದೇ ಇಲ್ಲ.

ಡೆಬಿಯನ್, ಉಬುಂಟು, ಮಿಂಟ್ ಆದರೆ `ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್`. ಈ ಒಂದು ಪ್ಯಾಕೇಜ್ ಜಿಸಿಸಿ (ಸಿ ಕಂಪೈಲರ್), ಜಿ++ (ಸಿ++ ಕಂಪೈಲರ್), ಮೇಕ್ ಮತ್ತು ಸಿ ಲೈಬ್ರರಿಯ ಹೆಡರ್‌ಗಳನ್ನು (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಫೈಲುಗಳನ್ನು) ಒಟ್ಟಿಗೆ ಎಳೆದು ತರುತ್ತದೆ. ಆರ್ಚ್‌ನಲ್ಲಿ ಇದೇ ಕೆಲಸಕ್ಕೆ `ಬೇಸ್-ಡೆವೆಲ್`. ಫೆಡೋರಾದಲ್ಲಿ ಜಿಸಿಸಿ, ಜಿಸಿಸಿ-ಸಿ++, ಮೇಕ್ ಎಂದು ಮೂರನ್ನೂ ಹೆಸರಿಸಿ `ಡಿಎನ್‌ಎಫ್ ಇನ್‌ಸ್ಟಾಲ್` ಮಾಡಿಬಿಡಿ. ಇದರ ಜೊತೆಗೇ ಗಿಟ್ (ಸೋರ್ಸ್ ತರಲು), ಸಿಮೇಕ್ (ಬಿಲ್ಡ್ ಸಿದ್ಧಪಡಿಸಲು), ಪಿಕೆಜಿ-ಕಾನ್ಫಿಗ್ (ಲೈಬ್ರರಿ ಹುಡುಕಲು) ಹಾಕಿಕೊಳ್ಳಿ. ಇವತ್ತು ಬೇಡದಿದ್ದರೂ ನಾಳೆ ಬೇಕೇ ಬೇಕು.

ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜೇ ಸಿಗ್ತಿಲ್ಲ ಅನ್ನುತ್ತಲ್ಲ?

ಮೊದಲು `ಸುಡೊ ಆಪ್ಟ್ ಅಪ್‌ಡೇಟ್`. ಹೊಸ ಸಿಸ್ಟಂನಲ್ಲಿ ಪ್ಯಾಕೇಜ್ ಪಟ್ಟಿ ಖಾಲಿ ಇರಬಹುದು, ಇಲ್ಲವೇ ಹಳತಾಗಿರಬಹುದು. ಡಿವಿಡಿ ಇಮೇಜ್‌ನಿಂದ ಹಾಕಿದ ಡೆಬಿಯನ್ ಆದರೆ, ರೆಪಾಸಿಟರಿ ಪಟ್ಟಿಯಲ್ಲಿ (ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕು ಎಂಬ ಪಟ್ಟಿ) "ಸಿಡಿರಾಮ್" ಎಂದು ಶುರುವಾಗುವ ಸಾಲು ಉಳಿದಿರುತ್ತದೆ. ಅದನ್ನು ತೆಗೆದು, ನೆಟ್‌ವರ್ಕ್ ಮಿರರ್‌ನ ಸಾಲು ಇದೆಯಾ ನೋಡಿ.

ಇನ್ನೂರು ಸಾಲು ಎರರ್ ಬಂದಿದೆ. ಯಾವುದನ್ನು ಅಂತ ಓದೋದು?

ಮೊದಲನೆಯದನ್ನು. ಎಲ್ಲರೂ ಕೊನೇ ಸಾಲನ್ನು ನಕಲು ಮಾಡಿ ಕಳಿಸುತ್ತಾರೆ: "ಮೇಕ್: ಎರರ್ 2". ಆ ಸಾಲಿಗೆ "ಒಳಗೆಲ್ಲೋ ಏನೋ ಕೆಟ್ಟಿದೆ, ನಾನು ನಿಲ್ಲಿಸಿದ್ದೇನೆ" ಎಂಬುದಕ್ಕಿಂತ ಜಾಸ್ತಿ ಅರ್ಥವಿಲ್ಲ. ದಾರ ಹರಿದ ಹಾರದ ಹಾಗೆ, ಒಂದು ಹೆಡರ್ ಸಿಗದಿದ್ದರೆ ಅದರಲ್ಲಿದ್ದ ಹೆಸರುಗಳೆಲ್ಲ ಒಂದೊಂದಾಗಿ ಕಳಚಿಬೀಳುತ್ತವೆ. ಒಂದೊಂದಕ್ಕೂ ಒಂದೊಂದು ಎರರ್.

ಮಾಡಬೇಕಾದ್ದು ಇಷ್ಟು. `ಮೇಕ್ -ಜೆ1 2>&1 | ಟೀ ಬಿಲ್ಡ್.ಲಾಗ್` ಎಂದು ಓಡಿಸಿ. -ಜೆ1 ಯಾಕೆಂದರೆ, ನಾಲ್ಕೆಂಟು ಕಂಪೈಲರ್ ಒಟ್ಟಿಗೆ ಓಡುವಾಗ ಅವುಗಳ ಮಾತು ಒಂದರೊಳಗೊಂದು ಕಲಸಿಹೋಗುತ್ತದೆ, ಯಾವುದು ಮೊದಲು ಬಂತು ಅನ್ನುವುದೇ ತಿಳಿಯುವುದಿಲ್ಲ. ಆಮೇಲೆ ಆ ಫೈಲಿನಲ್ಲಿ "ಎರರ್:" ಎಂಬ ಪದವನ್ನು ಮೇಲಿನಿಂದ ಹುಡುಕಿ. ಸಿಕ್ಕಿದ ಮೊದಲ ಸಾಲು ಸುಮಾರಾಗಿ ಹೀಗಿರುತ್ತದೆ:

`ಮೇನ್.ಸಿ:3:10: ಫೇಟಲ್ ಎರರ್: ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ`

ಮೊದಲು ಫೈಲಿನ ಹೆಸರು, ಆಮೇಲೆ ಸಾಲು 3, ಆ ಸಾಲಿನ 10ನೇ ಅಕ್ಷರ. ಕೊನೆಗೆ ದೂರು: ಈ ಹೆಸರಿನ ಹೆಡರ್ ನನಗೆ ಸಿಕ್ಕಿಲ್ಲ. ಬೇಕಾದ್ದೆಲ್ಲ ಆ ಒಂದೇ ಸಾಲಿನಲ್ಲಿದೆ. ಕೆಳಗಿನ ನೂರಾ ತೊಂಬತ್ತು ಸಾಲನ್ನು ಸುಮ್ನೆ ಬಿಟ್ಟುಬಿಡಿ.

"ವಾರ್ನಿಂಗ್"ಗಳಿಗೆ ಹೆದರಬೇಡಿ. ಅವುಗಳಿಂದ ಬಿಲ್ಡ್ ನಿಲ್ಲುವುದಿಲ್ಲ. ಪ್ರಾಜೆಕ್ಟ್‌ನವರು "-ಡಬ್ಲ್ಯುಎರರ್" (ಡಬ್ಲ್ಯು ದೊಡ್ಡಕ್ಷರ) ಹಾಕಿದ್ದರೆ ಮಾತ್ರ ವಾರ್ನಿಂಗ್ ಕೂಡ ಎರರ್ ಆಗುತ್ತದೆ. ಆಗ ಕಾನ್ಫಿಗರ್‌ಗೆ (ಮೇಕ್‌ಗೆ ಮೊದಲು ಓಡಿಸುವ ಸ್ಕ್ರಿಪ್ಟ್‌ಗೆ) `--ಡಿಸೇಬಲ್-ಡಬ್ಲ್ಯುಎರರ್` ಕೊಟ್ಟು ನೋಡಿ. ಎಷ್ಟೋ ಪ್ರಾಜೆಕ್ಟ್‌ಗಳು ಅದನ್ನು ಒಪ್ಪುತ್ತವೆ.

ಲೈಬ್ರರಿ ಹಾಕಿದ್ದೀನಿ, ಕಣ್ಣಿಗೆ ಕಾಣ್ತಿದೆ. ಆದ್ರೂ ಹೆಡರ್ ಇಲ್ಲ ಅಂತಿದೆ. ಯಾಕೆ?

ಹೊಸಬರ ಬಿಲ್ಡ್ ಅತಿ ಹೆಚ್ಚು ಸಲ ನಿಲ್ಲುವುದು ಇಲ್ಲೇ. ಡೆಬಿಯನ್ ಮತ್ತು ಫೆಡೋರಾ ಕುಟುಂಬಗಳಲ್ಲಿ ಒಂದು ಲೈಬ್ರರಿಯನ್ನು ಎರಡು ಪ್ಯಾಕೇಜ್ ಮಾಡಿರುತ್ತಾರೆ. ಒಂದು, ಪ್ರೋಗ್ರಾಂ ಓಡುವುದಕ್ಕೆ ಬೇಕಾದ್ದು. ಇನ್ನೊಂದು, ಪ್ರೋಗ್ರಾಂ ಕಟ್ಟುವುದಕ್ಕೆ ಬೇಕಾದ್ದು. ನಿಮ್ಮಲ್ಲಿರುವುದು ಮೊದಲನೆಯದು. ಹೆಡರ್‌ಗಳು ಎರಡನೆಯದರಲ್ಲಿವೆ.

ಎರಡನೆಯದರ ಹೆಸರು ಡೆಬಿಯನ್ ಕಡೆ "-ಡೆವ್" ಎಂದೂ, ಫೆಡೋರಾ ಕಡೆ "-ಡೆವೆಲ್" ಎಂದೂ ಮುಗಿಯುತ್ತದೆ. ಮೇಲಿನ ಉದಾಹರಣೆಗೆ ಉಬುಂಟುವಿನಲ್ಲಿ ಬೇಕಾದ್ದು `ಲಿಬ್‌ಎಸ್‌ಎಸ್‌ಎಲ್-ಡೆವ್`, ಫೆಡೋರಾದಲ್ಲಿ `ಓಪನ್‌ಎಸ್‌ಎಸ್‌ಎಲ್-ಡೆವೆಲ್`. ಆರ್ಚ್‌ನಲ್ಲಿ ಸಾಮಾನ್ಯವಾಗಿ ಈ ಭಾಗ ಮಾಡಿರುವುದಿಲ್ಲ, ಹೆಡರ್ ಮೂಲ ಪ್ಯಾಕೇಜ್‌ನಲ್ಲೇ ಬರುತ್ತದೆ. ಹಾಗಾಗಿ ಆರ್ಚ್ ಬಳಸುವ ಗೆಳೆಯರ "ನನಗೆ ಬಿಲ್ಡ್ ಆಯ್ತಲ್ಲ" ಎಂಬ ಮಾತು ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಯಾವ ಹೆಡರ್ ಯಾವ ಪ್ಯಾಕೇಜ್‌ನಲ್ಲಿದೆ ಅಂತ ಊಹೆ ಮಾಡ್ತಾ ಕೂರಬೇಕಾ?

ಬೇಡ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಆಪ್ಟ್-ಫೈಲ್ ಹಾಕಿಕೊಂಡು, `ಸುಡೊ ಆಪ್ಟ್-ಫೈಲ್ ಅಪ್‌ಡೇಟ್` ಮಾಡಿ, `ಆಪ್ಟ್-ಫೈಲ್ ಸರ್ಚ್` ಜೊತೆ ಹೆಡರ್ ಹೆಸರು ಕೊಡಿ. ಫೆಡೋರಾದಲ್ಲಿ `ಡಿಎನ್‌ಎಫ್ ಪ್ರೊವೈಡ್ಸ್`, ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಮತ್ತು ಓರೆಗೆರೆ. ಆರ್ಚ್‌ನಲ್ಲಿ `ಪ್ಯಾಕ್‌ಮ್ಯಾನ್ -ಎಫ್`, ಆ ಎಫ್ ದೊಡ್ಡಕ್ಷರ.

ಇನ್ನೂ ಸಲೀಸಾದ ದಾರಿ ಒಂದಿದೆ. ನೀವು ಕಟ್ಟುತ್ತಿರುವ ಪ್ರೋಗ್ರಾಂ ಡಿಸ್ಟ್ರೊದಲ್ಲಿ ಮೊದಲೇ ಇದೆಯಾ? ವರ್ಷನ್ ಹಳೆಯದಾದರೂ ಪರವಾಗಿಲ್ಲ. `ಸುಡೊ ಆಪ್ಟ್ ಬಿಲ್ಡ್-ಡೆಪ್` ಜೊತೆ ಅದರ ಹೆಸರು ಕೊಟ್ಟರೆ, ಅದನ್ನು ಕಟ್ಟಲು ಬೇಕಾದ ಅಷ್ಟೂ ಪ್ಯಾಕೇಜ್‌ಗಳು ಒಂದೇ ಏಟಿಗೆ ಬರುತ್ತವೆ. ಇದಕ್ಕೆ ಸೋರ್ಸ್ ರೆಪಾಸಿಟರಿ ತೆರೆದಿರಬೇಕು: ಪಟ್ಟಿಯಲ್ಲಿ "ಡೆಬ್-ಎಸ್‌ಆರ್‌ಸಿ" ಇರಬೇಕು. ಫೆಡೋರಾದಲ್ಲಿ ಇದೇ ಕೆಲಸಕ್ಕೆ `ಡಿಎನ್‌ಎಫ್ ಬಿಲ್ಡ್‌ಡೆಪ್`.

## ಕಾನ್ಫಿಗರ್, ಸಿಮೇಕ್ ಹಂತ

./ಕಾನ್ಫಿಗರ್ ಹೊಡಿ ಅಂತ ಬರೆದಿದ್ದಾರೆ. ಆ ಫೈಲೇ ಇಲ್ಲ!

ಗಿಟ್‌ನಿಂದ ತಂದಿದ್ದರೆ ಇಲ್ಲದಿರುವುದು ಸಹಜ. ಅದು ಬರೆದ ಫೈಲಲ್ಲ, ಹುಟ್ಟಿಸಿದ ಫೈಲು. ಆಟೊಜೆನ್.ಎಸ್‌ಎಚ್ ಇದ್ದರೆ ಅದನ್ನು ಓಡಿಸಿ. ಇಲ್ಲದಿದ್ದರೆ ಆಟೊಕಾನ್ಫ್, ಆಟೊಮೇಕ್, ಲಿಬ್‌ಟೂಲ್ ಹಾಕಿಕೊಂಡು `ಆಟೊರಿಕಾನ್ಫ್ -ಎಫ್‌ಐ`. ಬಿಡುಗಡೆಯಾದ ಟಾರ್ ಫೈಲನ್ನೇ ಇಳಿಸಿಕೊಂಡರೆ ಈ ಗೋಜೇ ಇರುವುದಿಲ್ಲ.

"ಸಿ ಕಂಪೈಲರ್ ಕೆನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್" ಅಂತಿದೆ. ಜಿಸಿಸಿ ಇದೆಯಲ್ಲ!

ಜಿಸಿಸಿ ಇದೆ, ಆದರೆ ಅದರ ಕೈಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಕೂಡ ಪೂರ್ತಿ ಕಟ್ಟಲು ಆಗಲಿಲ್ಲ. ಪರದೆಯ ಮೇಲೆ ಕಾರಣ ಇರುವುದಿಲ್ಲ, ಅದೇ ಫೋಲ್ಡರಿನ ಕಾನ್ಫಿಗ್.ಲಾಗ್ ಒಳಗೆ ಇರುತ್ತದೆ. ಆ ಫೈಲು ಉದ್ದ ಇದೆ ಎಂದು ಬಿಡಬೇಡಿ, "ಎರರ್" ಎಂದು ಹುಡುಕಿ. "ಸಿಆರ್‌ಟಿ1.ಓ ಸಿಗಲಿಲ್ಲ" ಎಂದಿದ್ದರೆ ಸಿ ಲೈಬ್ರರಿಯ ಡೆವ್ ಪ್ಯಾಕೇಜ್ ಇಲ್ಲ ಎಂದು ಅರ್ಥ. ಉಬುಂಟುವಿನಲ್ಲಿ ಅದು ಲಿಬ್‌ಸಿ6-ಡೆವ್. ಬಿಲ್ಡ್-ಎಸೆನ್ಷಿಯಲ್ ಬಿಟ್ಟು ಬರೀ ಜಿಸಿಸಿ ಹಾಕಿಕೊಂಡವರಿಗೆ ಇದು ಕಾಡಬಹುದು. ಇನ್ನು ಕೆಲವರ ಲಾಗ್‌ನಲ್ಲಿ "ಗೊತ್ತಿಲ್ಲದ ಆಪ್ಷನ್" ಎಂದಿರುತ್ತದೆ. ಯಾವುದೋ ಹಳೇ ಸಲಹೆ ನೋಡಿ ಸಿಫ್ಲ್ಯಾಗ್ಸ್ ಎಂಬ ವೇರಿಯಬಲ್‌ನಲ್ಲಿ (ಪೂರ್ತಿ ದೊಡ್ಡಕ್ಷರ) ಕಂಪೈಲರ್ ಆಪ್ಷನ್‌ಗಳನ್ನು ತುಂಬಿಸಿಟ್ಟಿರುತ್ತಾರೆ. ಅದನ್ನು ಅನ್‌ಸೆಟ್ ಮಾಡಿದರೆ ಸಾಕು.

ಬೇಕಾದ ಪ್ಯಾಕೇಜ್ ಹಾಕಿದೆ. ಸಿಮೇಕ್ ಇನ್ನೂ ಅದೇ ಹಳೇ ರಾಗ ಹಾಡ್ತಿದೆ.

ಸಿಮೇಕ್ ಒಮ್ಮೆ ಹುಡುಕಿದ್ದನ್ನು ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಸಲ ಎಷ್ಟೋ ವಿಷಯಗಳಿಗೆ ಅದನ್ನೇ ನಂಬುತ್ತದೆ. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ಶುರು ಮಾಡಿ. ಇದಕ್ಕೆಂದೇ ಸೋರ್ಸ್ ಒಳಗೆ ಬಿಲ್ಡ್ ಮಾಡದೆ ಬೇರೆ ಫೋಲ್ಡರ್ ಇಟ್ಟುಕೊಳ್ಳಬೇಕು: `ಸಿಮೇಕ್ -ಬಿ ಬಿಲ್ಡ್`, ಆ ಬಿ ದೊಡ್ಡಕ್ಷರ.

ಅಳಿಸಿದ ಮೇಲೂ ಸಿಗದಿದ್ದರೆ `ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಷನ್` ಜೊತೆ ಲೈಬ್ರರಿ ಹೆಸರು ಕೊಟ್ಟು ನೋಡಿ. ಇದು ".ಪಿಸಿ" ಎಂದು ಮುಗಿಯುವ ಸಣ್ಣ ಫೈಲನ್ನು ಹುಡುಕುತ್ತದೆ. ನೀವೇ ಕೈಯಾರೆ ಬೇರೆ ಜಾಗದಲ್ಲಿ ಹಾಕಿದ ಲೈಬ್ರರಿಯಾದರೆ, ಆ ಜಾಗವನ್ನು ಪಿಕೆಜಿ_ಕಾನ್ಫಿಗ್_ಪಾತ್ ಎಂಬ ವೇರಿಯಬಲ್‌ನಲ್ಲಿ ಹೇಳಬೇಕು. ಅದು ಪೂರ್ತಿ ದೊಡ್ಡಕ್ಷರ.

ಜಿಪ್ ಇಳಿಸಿ ಬಿಚ್ಚಿದೆ. ಒಳಗೆ ಕೆಲವು ಫೋಲ್ಡರ್ ಖಾಲಿ ಇವೆಯಲ್ಲ?

ಅವು ಗಿಟ್ ಸಬ್‌ಮಾಡ್ಯೂಲ್‌ಗಳು, ಅಂದರೆ ಒಳಗೆ ಸೇರಿಸಿಕೊಂಡ ಬೇರೆ ಪ್ರಾಜೆಕ್ಟ್‌ಗಳು. ಗಿಟ್‌ಹಬ್ ತಾನೇ ತಯಾರಿಸುವ ಜಿಪ್‌ನಲ್ಲಿ ಅವು ಬರುವುದಿಲ್ಲ. `ಗಿಟ್ ಕ್ಲೋನ್ --ರಿಕರ್ಸಿವ್` ಮಾಡಿ. ಮೊದಲೇ ಕ್ಲೋನ್ ಮಾಡಿದ್ದರೆ `ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್`.

ಸ್ಕ್ರಿಪ್ಟ್ ಓಡಿಸಿದರೆ "ಪರ್ಮಿಶನ್ ಡಿನೈಡ್". ಸುಡೊ ಹಾಕಿದರೂ ಅದೇ!

ಸೋರ್ಸ್ ಎಲ್ಲಿದೆ ನೋಡಿ. ವಿಂಡೋಸ್ ಪಾರ್ಟಿಷನ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಟಿದ್ದರೆ, `ಸಿಎಚ್‌ಮಾಡ್ +ಎಕ್ಸ್` ಕೊಟ್ಟರೂ ಅಲ್ಲಿ ನಿಲ್ಲದೇ ಹೋಗಬಹುದು. ಹೋಮ್ ಫೋಲ್ಡರಿಗೆ ನಕಲು ಮಾಡಿಕೊಂಡು ಅಲ್ಲಿ ಬಿಲ್ಡ್ ಮಾಡಿ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬೇಡ. ಎಷ್ಟೋ ಮೇಕ್‌ಫೈಲ್‌ಗಳು ಅದೊಂದಕ್ಕೇ ಮುಗ್ಗರಿಸುತ್ತವೆ.

ವಿಂಡೋಸ್‌ನಲ್ಲಿ ಇಳಿಸಿ ತಂದ ಸೋರ್ಸ್ ಆದರೆ "ಬ್ಯಾಡ್ ಇಂಟರ್‌ಪ್ರಿಟರ್" ಎಂಬ ಎರರ್ ಬರಬಹುದು, ಜೊತೆಗೆ ^ಎಂ ಎಂಬ ವಿಚಿತ್ರ ಗುರುತು. ಸಾಲಿನ ಕೊನೆಯಲ್ಲಿ ವಿಂಡೋಸ್ ಬಿಟ್ಟ ಅಕ್ಷರ ಅದು. ಲಿನಕ್ಸ್‌ನಲ್ಲೇ ಹೊಸದಾಗಿ ಕ್ಲೋನ್ ಮಾಡಿಕೊಳ್ಳಿ.

ಹಾಗಾದ್ರೆ ಮೇಕ್‌ಗೂ ಸುಡೊ ಹಾಕಿಬಿಟ್ಟರೆ ಒಳ್ಳೇದಲ್ವಾ?

ಬೇಡವೇ ಬೇಡ. ಬಿಲ್ಡ್ ಫೋಲ್ಡರಿನ ಫೈಲುಗಳೆಲ್ಲ ರೂಟ್ ಹೆಸರಿಗೆ ಹೋಗುತ್ತವೆ, ಆಮೇಲೆ ಸುಡೊ ಇಲ್ಲದೆ ಒಂದೂ ಅಲುಗುವುದಿಲ್ಲ. ಈಗಾಗಲೇ ಮಾಡಿದ್ದರೆ `ಸುಡೊ ಚೌನ್ -ಆರ್` ಜೊತೆ ನಿಮ್ಮ ಹೆಸರು ಕೊಟ್ಟು ಫೋಲ್ಡರನ್ನು ವಾಪಸ್ ಪಡೆಯಿರಿ. ಆರ್ ದೊಡ್ಡಕ್ಷರ. ಸುಡೊ ಬೇಕಾಗುವುದು `ಮೇಕ್ ಇನ್‌ಸ್ಟಾಲ್` ಹಂತಕ್ಕೆ ಮಾತ್ರ. ಕಾನ್ಫಿಗರ್ ಮಾಡುವಾಗಲೇ `--ಪ್ರಿಫಿಕ್ಸ್` ಆಗಿ ನಿಮ್ಮ ಹೋಮ್ ಒಳಗಿನ .ಲೋಕಲ್ ಫೋಲ್ಡರ್ ಕೊಟ್ಟರೆ ಅದಕ್ಕೂ ಬೇಡ.

## ಲಿಂಕ್ ಹಂತ

"ಕೆನಾಟ್ ಫೈಂಡ್ -ಎಲ್..." ಮತ್ತು "ಅನ್‌ಡಿಫೈನ್ಡ್ ರೆಫರೆನ್ಸ್" ಎರಡೂ ಒಂದೇನಾ?

ಅಲ್ಲ. ಮೊದಲನೆಯದು, ಲೈಬ್ರರಿ ಫೈಲೇ ಲಿಂಕರ್‌ಗೆ (ಕಂಪೈಲ್ ಆದ ತುಂಡುಗಳನ್ನೂ ಲೈಬ್ರರಿಗಳನ್ನೂ ಜೋಡಿಸುವ ಸಾಧನಕ್ಕೆ) ಸಿಕ್ಕಿಲ್ಲ. ಓಡುವ ಪ್ಯಾಕೇಜ್‌ನಲ್ಲಿ ಲಿಬ್‌ಎಸ್‌ಎಸ್‌ಎಲ್.ಎಸ್‌ಓ.3 ಎಂಬಂತೆ ಸಂಖ್ಯೆ ಇರುವ ಫೈಲ್ ಮಾತ್ರ ಇರುತ್ತದೆ. ಲಿಂಕರ್ ಹುಡುಕುವುದು ಸಂಖ್ಯೆಯಿಲ್ಲದ ಲಿಬ್‌ಎಸ್‌ಎಸ್‌ಎಲ್.ಎಸ್‌ಓ. ಅದು ಡೆವ್ ಪ್ಯಾಕೇಜ್‌ನಲ್ಲಿರುವ ಒಂದು ಸಿಮ್‌ಲಿಂಕ್ (ಇನ್ನೊಂದು ಫೈಲಿನತ್ತ ಬೊಟ್ಟು ಮಾಡುವ ಹೆಸರು). ಕೈಯಾರೆ ಸಿಮ್‌ಲಿಂಕ್ ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಡೆವ್ ಪ್ಯಾಕೇಜ್ ಹಾಕಿ.

ಎರಡನೆಯದರಲ್ಲಿ ಕಂಪೈಲ್ ಮುಗಿದಿದೆ, ಆದರೆ ಒಂದು ಫಂಕ್ಷನ್‌ನ ಒಡಲು ಎಲ್ಲೂ ಸಿಕ್ಕಿಲ್ಲ. ಲೈಬ್ರರಿಯನ್ನು ಹೆಸರಿಸುವುದೇ ಮರೆತಿರಬಹುದು. ಹೆಸರಿಸಿದ ಜಾಗ ತಪ್ಪಿರಬಹುದು: `-ಎಲ್‌ಎಂ` (ಗಣಿತದ ಲೈಬ್ರರಿ) ಎಂಬುದು ಮೇನ್.ಸಿ ಆದ ಮೇಲೆ ಬರಬೇಕು, ಮುಂಚೆ ಅಲ್ಲ. ಉಬುಂಟುವಿನ ಜಿಸಿಸಿ ತಾನಾಗಿಯೇ "ಆಸ್-ನೀಡೆಡ್" ಆಪ್ಷನ್ (ಆ ಹೊತ್ತಿಗೆ ಬೇಕೆನಿಸದ ಲೈಬ್ರರಿಯನ್ನು ಬಿಟ್ಟುಬಿಡುವುದು) ಹಾಕಿಕೊಳ್ಳುತ್ತದೆ, ಆದ್ದರಿಂದ ಬೇರೆ ಕಡೆ ನಡೆದ ತಪ್ಪು ಕ್ರಮ ಅಲ್ಲಿ ನಡೆಯುವುದಿಲ್ಲ. ಇನ್ನು ಎರರ್ ತುಂಬ "ಎಸ್‌ಟಿಡಿ::" ಎಂದೇ ಇದ್ದರೆ, ಸಿ++ ಕೋಡನ್ನು ಜಿಸಿಸಿ ಹೆಸರಿನಲ್ಲಿ ಲಿಂಕ್ ಮಾಡಿದ್ದೀರಿ. ಜಿ++ ಬಳಸಿ.

ಬಿಲ್ಡ್ ಆಯ್ತು, ಇನ್‌ಸ್ಟಾಲೂ ಆಯ್ತು. ಓಡಿಸಿದ್ರೆ ".ಎಸ್‌ಓ ಫೈಲ್ ತೆರೆಯಲಾಗಲಿಲ್ಲ" ಅನ್ನುತ್ತೆ.

ಲೈಬ್ರರಿ /ಯುಎಸ್‌ಆರ್/ಲೋಕಲ್ ಒಳಗೆ ಹೋಗಿ ಕೂತಿದೆ, ಲೋಡರ್‌ಗೆ (ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿ ಹುಡುಕಿ ತರುವ ಭಾಗಕ್ಕೆ) ಅದರ ಸುದ್ದಿ ಮುಟ್ಟಿಲ್ಲ. ಉಬುಂಟು, ಡೆಬಿಯನ್‌ನಲ್ಲಿ `ಸುಡೊ ಎಲ್‌ಡಿಕಾನ್ಫಿಗ್` ಒಂದೇ ಸಾಕು. ಫೆಡೋರಾದಲ್ಲಿ ಆ ಫೋಲ್ಡರ್ ಹುಡುಕಾಟದ ಪಟ್ಟಿಯಲ್ಲೇ ಇರುವುದಿಲ್ಲ. /ಇಟಿಸಿ/ಎಲ್‌ಡಿ.ಎಸ್‌ಓ.ಕಾನ್ಫ್.ಡಿ ಒಳಗೆ ಒಂದು ಫೈಲ್ ಮಾಡಿ, ಫೋಲ್ಡರಿನ ಹೆಸರು ಬರೆದು, ಆಮೇಲೆ ಎಲ್‌ಡಿಕಾನ್ಫಿಗ್. ಲೈಬ್ರರಿ "ಲಿಬ್" ಒಳಗಿದೆಯೋ "ಲಿಬ್64" ಒಳಗಿದೆಯೋ ನೋಡಿಕೊಂಡು ಬರೆಯಿರಿ. ಯಾವುದು ಸಿಕ್ಕಿಲ್ಲ ಎಂದು `ಎಲ್‌ಡಿಡಿ` ತೋರಿಸುತ್ತದೆ.

## ಕೋಡ್ ಸರಿ ಇದೆ, ಕಂಪ್ಯೂಟರೇ ಕೈಕೊಟ್ಟಾಗ

ಅರ್ಧ ಗಂಟೆ ಓಡಿ "ಕಿಲ್ಡ್" ಅಂತ ನಿಂತುಹೋಯ್ತು. ಯಾರು ಕೊಂದಿದ್ದು?

ಕರ್ನಲ್. ರ‍್ಯಾಮ್ ಮುಗಿದಿದೆ. `ಸುಡೊ ಡಿಮೆಸ್ಗ್` ಓಡಿಸಿ ಕೊನೆಯಲ್ಲಿ "ಔಟ್ ಆಫ್ ಮೆಮೊರಿ" ಇದೆಯಾ ನೋಡಿ. ದೊಡ್ಡ ಸಿ++ ಫೈಲ್ ಒಂದಕ್ಕೇ ಒಂದೆರಡು ಜಿಬಿ ಬೇಕಾಗುವುದುಂಟು. 8 ಜಿಬಿ ಇರುವ ಕಂಪ್ಯೂಟರಿನಲ್ಲಿ ಹನ್ನೆರಡು ಕಂಪೈಲರ್ ಒಟ್ಟಿಗೆ ಬಿಟ್ಟರೆ ಇನ್ನೇನಾಗುತ್ತದೆ? `-ಜೆ2` ಕೊಟ್ಟು ಓಡಿಸಿ. ನಿಧಾನ, ಆದರೆ ಮುಗಿಯುತ್ತದೆ. ನಿಂಜಾ (ಮೇಕ್‌ನಂಥದೇ ಇನ್ನೊಂದು ಸಾಧನ) ಬಳಸುವವರು ಇದನ್ನು ಮರೆಯಬಾರದು. ನೀವು ಏನೂ ಹೇಳದಿದ್ದರೆ ಮೇಕ್ ಒಂದೊಂದನ್ನೇ ಮಾಡುತ್ತದೆ, ನಿಂಜಾ ಕೋರ್‌ಗಳ ಸಂಖ್ಯೆಗಿಂತಲೂ ಜಾಸ್ತಿ ಬಿಡುತ್ತದೆ. ಕೊನೆಯ ಲಿಂಕ್ ಹಂತದಲ್ಲೇ ಸಾಯುತ್ತಿದ್ದರೆ -ಜೆ ಕಮ್ಮಿ ಮಾಡಿ ಜಾಸ್ತಿ ಲಾಭವಿಲ್ಲ. ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹಾಕಿ.

ಒಂದೊಂದು ಸಲ ಒಂದೊಂದು ಕಡೆ ಫೇಲ್ ಆಗುತ್ತೆ. ಏನೂ ಬದಲಾಯಿಸಿಲ್ಲ.

ಹಾಗಾದರೆ ಹಾರ್ಡ್‌ವೇರ್ ಮೇಲೆ ಅನುಮಾನ ಪಡಿ. ಒಂದೇ ಸೋರ್ಸ್‌ಗೆ, ಒಂದೇ ಕಂಪೈಲರ್‌ನಿಂದ, ಪ್ರತಿ ಸಲವೂ ಒಂದೇ ಜಾಗದಲ್ಲಿ ಎರರ್ ಬರಬೇಕು. "ಇಂಟರ್ನಲ್ ಕಂಪೈಲರ್ ಎರರ್" ಬೇರೆ ಬೇರೆ ಫೈಲಿನಲ್ಲಿ ಬರುತ್ತಿದ್ದರೆ ರ‍್ಯಾಮ್ ಕೆಟ್ಟಿರಬಹುದು, ಬಿಸಿ ಏರಿರಬಹುದು, ಓವರ್‌ಕ್ಲಾಕ್ ಮಾಡಿರಬಹುದು. ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಡಿ. ಬ್ರೌಸರ್, ವಿಡಿಯೊ ಎಲ್ಲ ಸರಿ ನಡೆಯುತ್ತಿದೆ ಎಂಬುದು ಪುರಾವೆಯಲ್ಲ. ದೊಡ್ಡ ಬಿಲ್ಡ್‌ನಷ್ಟು ಹೊತ್ತು, ಅಷ್ಟು ಜೋರಾಗಿ ಅವು ರ‍್ಯಾಮನ್ನು ದುಡಿಸುವುದಿಲ್ಲ. ಒಂದು ಸಣ್ಣ ವಿನಾಯಿತಿ: -ಜೆ1 ಕೊಟ್ಟಾಗ ಯಾವಾಗಲೂ ಸರಿ ಬಂದು, -ಜೆ8 ಕೊಟ್ಟಾಗ ಮಾತ್ರ "ಫೈಲ್ ಇಲ್ಲ" ಎನ್ನುತ್ತಿದ್ದರೆ, ತಪ್ಪು ಪ್ರಾಜೆಕ್ಟ್‌ನ ಮೇಕ್‌ಫೈಲ್‌ನದು.

"ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್" ಅಂದ್ರೇನು?

ಕೆಲವು ಫೈಲುಗಳ ಸಮಯ ಮುಂದಿನದ್ದಿದೆ, ಈಗಿನ ಗಡಿಯಾರ ಹಿಂದಿದೆ. ಯಾವುದು ಹೊಸದು ಎಂದು ಮೇಕ್‌ಗೆ ಗೊತ್ತಾಗುತ್ತಿಲ್ಲ. ವಿಂಡೋಸ್ ಜೊತೆ ಡ್ಯುಯಲ್ ಬೂಟ್ ಮಾಡಿದವರಿಗೆ ಇದು ಮಾಮೂಲು: ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ ಎಂದು ಓದುತ್ತದೆ. `ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ` ಮಾಡಿ, ಸೋರ್ಸನ್ನು ಹೊಸದಾಗಿ ಬಿಚ್ಚಿಕೊಳ್ಳಿ.

ಡಿಸ್ಕ್‌ನಲ್ಲಿ ನೂರು ಜಿಬಿ ಖಾಲಿ ಇದೆ. "ನೋ ಸ್ಪೇಸ್ ಲೆಫ್ಟ್" ಅಂದ್ರೆ ಹೇಗೆ?

/ಟಿಎಂಪಿ ತುಂಬಿರಬಹುದು. ಫೆಡೋರಾ, ಆರ್ಚ್, ಡೆಬಿಯನ್ 13ರಲ್ಲಿ ಅದು ಇರುವುದು ಡಿಸ್ಕ್‌ನಲ್ಲಲ್ಲ, ರ‍್ಯಾಮ್‌ನಲ್ಲಿ. ಸಾಮಾನ್ಯವಾಗಿ ರ‍್ಯಾಮ್‌ನ ಅರ್ಧದಷ್ಟೇ ಮಿತಿ. `ಡಿಎಫ್ -ಎಚ್` ಹೊಡೆದರೆ ಕಾಣುತ್ತದೆ. ಟಿಎಂಪಿಡಿರ್ ಎಂಬ ವೇರಿಯಬಲ್‌ಗೆ, ಪೂರ್ತಿ ದೊಡ್ಡಕ್ಷರದಲ್ಲಿ, ಹೋಮ್‌ನ ಒಂದು ಫೋಲ್ಡರ್ ಕೊಡಿ.

## ಹಳೇ ಕೋಡ್, ಹೊಸ ಕಂಪೈಲರ್

ಹಳೇ ಲಿನಕ್ಸ್‌ನಲ್ಲಿ ಚೆನ್ನಾಗಿ ಬಿಲ್ಡ್ ಆಗ್ತಿದ್ದ ಕೋಡೇ ಇದು. ಹೊಸದರಲ್ಲಿ ಯಾಕೆ ಆಗಲ್ಲ?

ಕೋಡ್ ಬದಲಾಗಿಲ್ಲ, ಕಂಪೈಲರ್ ಬದಲಾಗಿದೆ. ಮೊದಲು `ಜಿಸಿಸಿ --ವರ್ಷನ್` ನೋಡಿ. ಆಮೇಲೆ ಎರರ್ ಯಾವ ಜಾತಿಯದು ನೋಡಿ.

"ಮಲ್ಟಿಪಲ್ ಡೆಫಿನಿಷನ್" ಬಂದರೆ 2020ರ ಜಿಸಿಸಿ 10ರ ಬದಲಾವಣೆ ನೆನಪಿಸಿಕೊಳ್ಳಿ. ಹೆಡರ್ ಒಳಗೆ "ಎಕ್ಸ್‌ಟರ್ನ್" ಇಲ್ಲದೆ ಬರೆದ ಗ್ಲೋಬಲ್ ವೇರಿಯಬಲ್‌ಗಳನ್ನು ಅದಕ್ಕೆ ಮುಂಚೆ ಲಿಂಕರ್ ಸದ್ದಿಲ್ಲದೆ ಒಂದು ಮಾಡುತ್ತಿತ್ತು. ಈಗ ಮಾಡುವುದಿಲ್ಲ. ಸದ್ಯಕ್ಕೆ ಸಿಫ್ಲ್ಯಾಗ್ಸ್‌ನಲ್ಲಿ `-ಎಫ್‌ಕಾಮನ್` ಕೊಟ್ಟರೆ ನಡೆಯುತ್ತದೆ.

"ಯುಇಂಟ್32_ಟಿ ಗೊತ್ತಿಲ್ಲ" ಎಂದು ಸಿ++ ಕೋಡ್ ದೂರಿದರೆ 2023ರ ಜಿಸಿಸಿ 13. ಬೇರೆ ಹೆಡರ್‌ಗಳ ಬೆನ್ನಿಗೆ ತಾನಾಗಿ ಬರುತ್ತಿದ್ದ ಸಿಎಸ್‌ಟಿಡಿಇಂಟ್ ಹೆಡರ್ ಈಗ ಹಾಗೆ ಬರುವುದಿಲ್ಲ. ಆ ಫೈಲಿನ ಮೇಲ್ಗಡೆ ಅದರ ಇನ್‌ಕ್ಲೂಡ್ ಸಾಲು ಸೇರಿಸಿದರೆ ಮುಗಿಯಿತು.

"ಇಂಪ್ಲಿಸಿಟ್ ಡಿಕ್ಲರೇಶನ್", "ಇನ್‌ಕಂಪ್ಯಾಟಿಬಲ್ ಪಾಯಿಂಟರ್" ಎಂಬವು ವರ್ಷಾನುಗಟ್ಟಲೆ ಬರೀ ವಾರ್ನಿಂಗ್ ಆಗಿದ್ದವು. 2024ರ ಜಿಸಿಸಿ 14 ಅವನ್ನು ಎರರ್ ಮಾಡಿತು. `-ಎಫ್‌ಪರ್ಮಿಸಿವ್` ಕೊಟ್ಟರೆ ಮತ್ತೆ ವಾರ್ನಿಂಗ್‌ಗೆ ಇಳಿಯುತ್ತವೆ. ಆದರೆ ಇವು ಎಷ್ಟೋ ಸಲ ನಿಜವಾದ ಬಗ್‌ಗಳು. ಪ್ರಾಜೆಕ್ಟ್‌ನ ಹೊಸ ವರ್ಷನ್ ಇದೆಯಾ ಎಂದು ನೋಡುವುದು ಮೇಲು.

2025ರ ಜಿಸಿಸಿ 15ರಲ್ಲಿ ಸಿ ಭಾಷೆಯ ಡಿಫಾಲ್ಟ್ ಸಿ23 ಆಗಿದೆ. "ಬೂಲ್" ಈಗ ಭಾಷೆಯದೇ ಪದ, ತಾವೇ ಬೂಲ್ ಎಂದು ಟೈಪ್ ಮಾಡಿಕೊಂಡಿದ್ದ ಹಳೇ ಕೋಡ್ ಮುರಿಯುತ್ತದೆ. ಫಂಕ್ಷನ್ ಡಿಕ್ಲರೇಶನ್‌ನಲ್ಲಿ ಖಾಲಿ ಆವರಣ ಬಿಟ್ಟರೆ ಈಗ "ಆರ್ಗ್ಯುಮೆಂಟ್ ಇಲ್ಲವೇ ಇಲ್ಲ" ಎಂದರ್ಥ. `-ಎಸ್‌ಟಿಡಿ=ಜಿಎನ್‌ಯು17` ಕೊಟ್ಟರೆ ಹಳೇ ಲೆಕ್ಕಕ್ಕೆ ಮರಳುತ್ತದೆ.

"ಕಂಪ್ಯಾಟಿಬಿಲಿಟಿ ವಿತ್ ಸಿಮೇಕ್ < 3.5 ಹ್ಯಾಸ್ ಬೀನ್ ರಿಮೂವ್ಡ್" ಅಂತೆ. ಏನ್ ಮಾಡ್ಲಿ?

2025ರಲ್ಲಿ ಬಂದ ಸಿಮೇಕ್ 4.0 ತೀರಾ ಹಳೇ ಪ್ರಾಜೆಕ್ಟ್‌ಗಳ ಕೈ ಬಿಟ್ಟಿತು. `-ಡಿಸಿಮೇಕ್_ಪಾಲಿಸಿ_ವರ್ಷನ್_ಮಿನಿಮಮ್=3.5` ಎಂದು ಪೂರ್ತಿ ದೊಡ್ಡಕ್ಷರದಲ್ಲಿ ಸೇರಿಸಿ ಓಡಿಸಿ. ಬಹಳಷ್ಟು ಸಲ ಅಷ್ಟೇ ಸಾಕು.

ಪಿಪ್ ಇನ್‌ಸ್ಟಾಲ್ ಅಂದ್ರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಅಂತ ಬೈಯುತ್ತೆ.

ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಹೀಗೆ. ಸಿಸ್ಟಂನ ಪೈಥಾನ್ ಆಪ್ಟ್‌ಗೆ ಸೇರಿದ್ದು, ಪಿಪ್ ಅಲ್ಲಿ ಕೈ ಆಡಿಸಬಾರದು. ಪೈಥಾನ್3-ವೆನ್ವ್ (ಪ್ರತ್ಯೇಕ ಪೈಥಾನ್ ಜಾಗ ಮಾಡಿಕೊಡುವ ಪ್ಯಾಕೇಜ್) ಹಾಕಿ, `ಪೈಥಾನ್3 -ಎಂ ವೆನ್ವ್` ಜೊತೆ ಒಂದು ಫೋಲ್ಡರ್ ಹೆಸರು ಕೊಟ್ಟು, ಅದರೊಳಗೆ ಪಿಪ್ ನಡೆಸಿ. "ಬ್ರೇಕ್ ಸಿಸ್ಟಂ ಪ್ಯಾಕೇಜಸ್" ಎಂಬ ಆಪ್ಷನ್‌ನ ಹೆಸರಿನಲ್ಲೇ ಎಚ್ಚರಿಕೆ ಇದೆ, ಅಲ್ವಾ? ಪೈಥಾನ್.ಎಚ್ ಇಲ್ಲ ಎಂದರೆ ಪೈಥಾನ್3-ಡೆವ್ ಹಾಕಿ. "ಡಿಸ್ಟ್‌ಯುಟಿಲ್ಸ್ ಇಲ್ಲ" ಎಂದರೆ ನಿಮ್ಮದು ಪೈಥಾನ್ 3.12 ಅಥವಾ ಆಮೇಲಿನದು, ಅಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಆ ಪ್ಯಾಕೇಜ್‌ನ ಹೊಸ ವರ್ಷನ್ ಹುಡುಕಿ.

ವೈಫೈ ಡ್ರೈವರ್ ಕಟ್ಟಬೇಕು. ಕರ್ನಲ್ ಹೆಡರ್ ಸಿಗ್ತಿಲ್ಲ.

ಈಗ ಓಡುತ್ತಿರುವ ಕರ್ನಲ್‌ನದೇ ಹೆಡರ್ ಬೇಕು. `ಯುನೇಮ್ -ಆರ್` ಏನು ಹೇಳುತ್ತದೋ ಅದೇ ಸಂಖ್ಯೆಯ ಲಿನಕ್ಸ್-ಹೆಡರ್ಸ್. ಫೆಡೋರಾದಲ್ಲಿ ಕರ್ನಲ್-ಡೆವೆಲ್. ಹೊಸ ಸಿಸ್ಟಂನಲ್ಲಿ ಮೊದಲ ಅಪ್‌ಡೇಟ್ ಹೊಸ ಕರ್ನಲ್ ತಂದಿರುತ್ತದೆ, ನೀವು ರೀಬೂಟ್ ಮಾಡಿರುವುದಿಲ್ಲ. ಸಂಖ್ಯೆ ತಾಳೆಯಾಗದಿರುವುದು ಹೀಗೆ. ರೀಬೂಟ್ ಮಾಡಿ, ಆಮೇಲೆ ಹೆಡರ್ ಹಾಕಿ. ಮಾಡ್ಯೂಲ್ ಕಟ್ಟಿ ಮುಗಿದ ಮೇಲೆ "ಕೀ ವಾಸ್ ರಿಜೆಕ್ಟೆಡ್" ಬಂದರೆ ಅದು ಬಿಲ್ಡ್ ಸಮಸ್ಯೆಯಲ್ಲ. ಸೆಕ್ಯೂರ್ ಬೂಟ್ ಆನ್ ಆಗಿದೆ. ಮಾಡ್ಯೂಲ್‌ಗೆ ಸಹಿ ಮಾಡಿ ಕೀಯನ್ನು ನೋಂದಾಯಿಸಬೇಕು, ಇಲ್ಲವೇ ಸೆಕ್ಯೂರ್ ಬೂಟ್ ಆಫ್ ಮಾಡಬೇಕು.

ಎಲ್ಲ ಮಾಡಿ ಸಾಕಾಯ್ತು. ಈ ಪ್ರಾಜೆಕ್ಟ್‌ಗೆ ಹಳೇ ಲೈಬ್ರರಿಗಳೇ ಬೇಕಂತೆ. ಹಳೇ ರಿಲೀಸ್‌ನಿಂದ ಇಳಿಸಿ ಹಾಕಿಬಿಡ್ಲಾ?

ಅದೊಂದು ಮಾಡಬೇಡಿ. ಹಳೇ ಪ್ಯಾಕೇಜ್‌ಗಳನ್ನು ಹೊಸ ಸಿಸ್ಟಂಗೆ ತುರುಕಿದರೆ ಆಪ್ಟ್ ಗಂಟಾಗುತ್ತದೆ. ಜಿಲಿಬ್‌ಸಿ (ಸಿಸ್ಟಂನ ಮೂಲ ಸಿ ಲೈಬ್ರರಿ) ಮುಟ್ಟಿದರಂತೂ ಟರ್ಮಿನಲ್‌ನಿಂದ ಹಿಡಿದು ಎಲ್ಲವೂ ನಿಲ್ಲಬಹುದು.

ಪೋಡ್‌ಮ್ಯಾನ್ ಮತ್ತು ಡಿಸ್ಟ್ರೊಬಾಕ್ಸ್ ಹಾಕಿಕೊಳ್ಳಿ. ಮೂಲ ಸಿಸ್ಟಂನ ಪ್ಯಾಕೇಜ್‌ಗಳನ್ನು ಮುಟ್ಟದೆ ಇನ್ನೊಂದು ಡಿಸ್ಟ್ರೊವನ್ನು ಬೇರೆ ಡಬ್ಬಿಯಲ್ಲಿ (ಕಂಟೇನರ್) ಓಡಿಸುವ ಸಾಧನಗಳಿವು. ಪ್ರಾಜೆಕ್ಟ್ ಬರೆದ ಕಾಲದ ಡಿಸ್ಟ್ರೊವನ್ನು, ಉದಾಹರಣೆಗೆ ಉಬುಂಟು 20.04, ಕಂಟೇನರ್ ಆಗಿ ತೆರೆದು ಅದರೊಳಗೆ ಬಿಲ್ಡ್ ಮಾಡಿ. ಡಿಸ್ಟ್ರೊಬಾಕ್ಸ್‌ನಲ್ಲಿ ನಿಮ್ಮ ಹೋಮ್ ಫೋಲ್ಡರ್ ಒಳಗೂ ಕಾಣುತ್ತದೆ. ಕೆಟ್ಟರೆ ಕಂಟೇನರನ್ನು ಎಸೆದು ಹೊಸದು ಮಾಡಿಕೊಳ್ಳಬಹುದು. ಫೆಡೋರಾ ಸಿಲ್ವರ್‌ಬ್ಲೂ ತರಹ ಮೂಲ ಸಿಸ್ಟಂ ಬೀಗ ಹಾಕಿರುವ ಡಿಸ್ಟ್ರೊಗಳಲ್ಲಿ ಎಲ್ಲ ಬಿಲ್ಡ್‌ಗೂ ಇದೇ ದಾರಿ ಹಿಡಿಯಿರಿ. ಅಲ್ಲಿ ಟೂಲ್‌ಬಾಕ್ಸ್ ಮೊದಲೇ ಇರುತ್ತದೆ.

ಹಳೇ ಜಿಲಿಬ್‌ಸಿ ಮೇಲೆ ಕಟ್ಟಿದ ಪ್ರೋಗ್ರಾಂ ಸಾಮಾನ್ಯವಾಗಿ ಹೊಸದರ ಮೇಲೆ ಓಡುತ್ತದೆ, ಬೇಕಾದ ಉಳಿದ ಲೈಬ್ರರಿಗಳು ಹೊರಗೂ ಇದ್ದರೆ. ಹೊಸದರ ಮೇಲೆ ಕಟ್ಟಿ ಹಳೇ ಕಂಪ್ಯೂಟರಿಗೆ ಒಯ್ದರೆ ಮಾತ್ರ "ಜಿಲಿಬ್‌ಸಿ_2.38 ನಾಟ್ ಫೌಂಡ್" ತರಹದ ಎರರ್ ಬರುತ್ತದೆ. ಹಾಗಾಗಿ ಬೇರೆಯವರಿಗೂ ಕೊಡಬೇಕೆಂದಿರುವ ಪ್ರೋಗ್ರಾಂ ಆದರೆ, ಅವರೆಲ್ಲರ ಪೈಕಿ ಅತಿ ಹಳೇ ಸಿಸ್ಟಂ ಯಾವುದೋ ಅದರ ಕಂಟೇನರ್‌ನಲ್ಲೇ ಕಟ್ಟಿ.